ಫೋಲ್ಡರಿನ ಹೆಸರು ಕನ್ನಡದಲ್ಲಿದ್ದರೆ

ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳುವಾಗ ಬರುವ ಸೂಚನೆಗಳಲ್ಲಿ ಒಂದು ಸಾಲು ನಿಮ್ಮಲ್ಲಿ ಅನೇಕರ ಕಣ್ಣಿಗೆ ಬಿದ್ದಿರುತ್ತದೆ. ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗವಾಗಲಿ ವಿಶೇಷ ಅಕ್ಷರಗಳಾಗಲಿ ಇರಬಾರದು, ಅಷ್ಟೇ. ಓದಿ ಮುಂದೆ ಹೋಗುತ್ತೇವೆ. ವಿಶೇಷ ಅಕ್ಷರ ಅಂದರೆ ಯಾವುದು ಎಂದು ಯಾರೂ ಕೇಳುವುದಿಲ್ಲ. ಶೇಕಡಾ ಗುರುತು, ಡಾಲರ್ ಗುರುತು, ಹ್ಯಾಶ್ ಇರಬೇಕು ಅಂದುಕೊಳ್ಳುತ್ತೇವೆ. ಆ ಪಟ್ಟಿಯಲ್ಲಿ ‘ಕ’ ಕೂಡ ಇದೆ. ‘ಅ’ದಿಂದ ‘ಳ’ದವರೆಗೆ ನಮ್ಮ ವರ್ಣಮಾಲೆ ಇಡಿಯಾಗಿ ಅದರೊಳಗಿದೆ.

ಈ ಕಸುಬಿನಲ್ಲಿ ಇಪ್ಪತ್ತು ವರ್ಷ ಕಳೆದಿರುವ ನನ್ನ ಸಹೋದ್ಯೋಗಿಗಳಲ್ಲೂ ಬಹುಪಾಲು ಜನ ಇದನ್ನು ಯಂತ್ರದ ಸ್ವಭಾವ ಎಂದೇ ನಂಬಿದ್ದಾರೆ. ಕಂಪ್ಯೂಟರಿಗೆ ಇಂಗ್ಲಿಷ್ ಸಹಜ, ಉಳಿದದ್ದೆಲ್ಲ ಮೇಲಿನಿಂದ ಹಚ್ಚಿದ ಬಣ್ಣ ಎನ್ನುವ ನಂಬಿಕೆ ಅದು. ನಿಜವಾಗಿ ನೋಡಿದರೆ ಈ ನಿಷೇಧ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ, ಆ ಹೊತ್ತಿನ ಕೆಲಸ ಆದರೆ ಸಾಕು ಎಂದುಕೊಂಡವರು ತೆಗೆದುಕೊಂಡ ತೀರ್ಮಾನಗಳು ಒಂದರ ಮೇಲೊಂದು ಕೂತು ಆದದ್ದು. ಅವನ್ನು ಬಿಡಿಸಿ ನೋಡಿದರೆ ಇವತ್ತಿಗೂ ಉಳಿದಿರುವ ಅಡ್ಡಿ ಎಷ್ಟು, ಬರೀ ರೂಢಿ ಎಷ್ಟು ಎಂಬುದು ತಿಳಿಯುತ್ತದೆ.

ಅಡ್ಡಿ ಹೆಚ್ಚಾಗಿ ಕಾಣುವುದು ಶೇರ್ಡ್ ಲೈಬ್ರರಿಗಳ ಹತ್ತಿರ. ಕನ್ನಡದಲ್ಲಿ ಹೆಸರಿಟ್ಟ ಫೋಟೋ ತೆರೆಯುತ್ತದೆ, ವರ್ಡ್ ಫೈಲು ತೆರೆಯುತ್ತದೆ, ಹಾಡು ಕೇಳಿಸುತ್ತದೆ. ಪ್ರೋಗ್ರಾಂ ಒಂದರ ಒಳಭಾಗ ಮಾತ್ರ ಕನ್ನಡದ ಫೋಲ್ಡರಿನಲ್ಲಿದ್ದರೆ ಕೈಕೊಡುತ್ತದೆ. ಏಕೆಂದು ತಿಳಿಯಲು ಶೇರ್ಡ್ ಲೈಬ್ರರಿ ಏನೆಂದು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ನಮ್ಮ ಹಳ್ಳಿಗಳಲ್ಲಿ ಮದುವೆ ಅಡುಗೆಗೆ ಬೇಕಾದ ಕೊಪ್ಪರಿಗೆ, ಹಂಡೆಗಳನ್ನು ಪ್ರತಿ ಮನೆಯವರೂ ಕೊಳ್ಳುತ್ತಿರಲಿಲ್ಲ. ಅವು ದೇವಸ್ಥಾನದ ಉಗ್ರಾಣದಲ್ಲಿರುತ್ತಿದ್ದವು, ಬೇಕಾದವರು ತಂದು ಬಳಸುತ್ತಿದ್ದರು. ಪ್ರೋಗ್ರಾಮುಗಳೂ ಹಾಗೆಯೇ. ಚಿತ್ರ ಬಿಡಿಸುವ, ಲೆಕ್ಕ ಮಾಡುವ, ಗುಟ್ಟಾಗಿ ಕಳಿಸುವ ಕೋಡನ್ನು ಪ್ರತಿಯೊಂದೂ ತನ್ನೊಳಗೆ ಹೊತ್ತುಕೊಳ್ಳದೆ ಬೇರೆ ಫೈಲುಗಳಲ್ಲಿ ಇಟ್ಟಿರುತ್ತವೆ. ವಿಂಡೋಸಿನಲ್ಲಿ ಅದರ ಹೆಸರು ಡಿಎಲ್‌ಎಲ್, ಲಿನಕ್ಸಿನಲ್ಲಿ ಶೇರ್ಡ್ ಆಬ್ಜೆಕ್ಟ್. ಓಡುತ್ತಿರುವ ಪ್ರೋಗ್ರಾಂ ಬೇಕಾದ ಹೊತ್ತಿಗೆ ಪೂರ್ತಿ ವಿಳಾಸ ಹೇಳಿ, ಇದನ್ನು ತಂದುಕೊಡು ಎಂದು ಆಪರೇಟಿಂಗ್ ಸಿಸ್ಟಮ್ಮನ್ನು ಕೇಳುತ್ತದೆ. ವಿಳಾಸದಲ್ಲಿ ಒಂದಕ್ಷರ ಕೆಟ್ಟರೂ ಕೊಪ್ಪರಿಗೆ ಬರುವುದಿಲ್ಲ, ಮದುವೆ ನಿಲ್ಲುತ್ತದೆ. ಅದೂ ಪ್ರೋಗ್ರಾಮಿನ ಕಿಟಕಿ ತೆರೆಯುವ ಮೊದಲೇ ನಿಲ್ಲುವುದರಿಂದ ಬಳಸುವವರಿಗೆ ಕಾರಣ ಕಾಣುವುದಿಲ್ಲ.

ಹಾಗಾಗಿ ಇದು ವಿಳಾಸ ಬರೆಯುವ ಕ್ರಮದ ಚರಿತ್ರೆ.

ಫೋಲ್ಡರೊಳಗೆ ಫೋಲ್ಡರ್ ಎನ್ನುವ ಮರದಂಥ ಏರ್ಪಾಡನ್ನೂ, ಬೇಕಾದಾಗ ಲೈಬ್ರರಿಯನ್ನು ಬೆಸೆಯುವ ಉಪಾಯವನ್ನೂ 1960ರ ದಶಕದ ಮಲ್ಟಿಕ್ಸ್ ವ್ಯವಸ್ಥೆ ಒಟ್ಟಿಗೆ ತಂದಿತು. ಅಲ್ಲಿ ಒಂದು ಫೋಲ್ಡರಿಗೂ ಇನ್ನೊಂದಕ್ಕೂ ನಡುವೆ ‘>’ ಗುರುತು ಹಾಕುತ್ತಿದ್ದರು. ಮಲ್ಟಿಕ್ಸಿನಿಂದ 1969ರಲ್ಲಿ ಹೊರಬಂದ ಬೆಲ್ ಲ್ಯಾಬ್ಸಿನವರು ಯುನಿಕ್ಸ್ ಕಟ್ಟಿದಾಗ ಅದರ ಬದಲು ‘/’ ಹಿಡಿದರು. ಅವರ ನಿಯಮ ಇವತ್ತಿಗೂ ಲಿನಕ್ಸಿನಲ್ಲಿ ಹಾಗೆಯೇ ಇದೆ. ಹೆಸರಿನಲ್ಲಿ ಯಾವ ಬೈಟ್ ಬೇಕಾದರೂ ಇರಬಹುದು, ಎರಡನ್ನು ಬಿಟ್ಟು. ಒಂದು ‘/’, ಅಂದರೆ 47ನೇ ಸಂಖ್ಯೆ. ಇನ್ನೊಂದು ಸೊನ್ನೆ, ಹೆಸರು ಮುಗಿಯಿತು ಎನ್ನಲು. ಉಳಿದ 254 ಬೈಟುಗಳು ಯಾವ ಭಾಷೆಯ ಯಾವ ಅಕ್ಷರ ಎಂಬುದು ಕರ್ನಲ್‌ಗೆ ಬೇಡದ ವಿಷಯ. ಇಷ್ಟು ಉದಾರವಾದ ನಿಯಮ ಉದಾರತೆಯಿಂದ ಬಂತೆಂದು ನನಗೆ ಅನ್ನಿಸುವುದಿಲ್ಲ. ಆಗಿನ ಸಣ್ಣ ಯಂತ್ರದಲ್ಲಿ ಹೆಚ್ಚು ಪರಿಶೀಲಿಸಲು ಜಾಗವಿರಲಿಲ್ಲ. ಆದರೂ ಅದರಿಂದ ನಮಗೆ ಮುಂದೆ ಒಳ್ಳೆಯದೇ ಆಯಿತು.

ಡಾಸ್ ಹೀಗೆ ಸರಾಗವಾಗಿ ಬರಲಿಲ್ಲ. 1981ರ ಮೊದಲ ಆವೃತ್ತಿಯಲ್ಲಿ ಫೋಲ್ಡರುಗಳೇ ಇರಲಿಲ್ಲ, ‘/’ ಗುರುತನ್ನು ಆದೇಶದ ಜೊತೆ ಆಯ್ಕೆಗಳನ್ನು ಸೂಚಿಸಲು ಬಳಸಿಬಿಟ್ಟಿದ್ದರು. 1983ರಲ್ಲಿ ಎರಡನೇ ಆವೃತ್ತಿಗೆ ಫೋಲ್ಡರ್ ಬಂದಾಗ ಆ ಜಾಗ ಖಾಲಿ ಇರಲಿಲ್ಲ. ಸಿಕ್ಕಿದ್ದು ‘\’. ಬಾಬ್ ಬೀಮರ್ ಎಂಬವರು 1961ರಲ್ಲಿ ಆಲ್ಗಾಲ್ ಭಾಷೆಯ ತರ್ಕದ ಗುರುತುಗಳನ್ನು ಬರೆಯಲು ಆಸ್ಕಿ ಪಟ್ಟಿಗೆ ಸೇರಿಸಿದ್ದ ಗೆರೆ ಅದು. ಕೆಲಸವಿಲ್ಲದೆ ಕೂತಿದ್ದ ಗುರುತಿಗೆ ಕೆಲಸ ಸಿಕ್ಕಿತು. ಅದರ ಸಂಖ್ಯೆ 92. ಈ 92 ಜಪಾನಿನಲ್ಲಿ ಮಾಡಿದ ಅವಾಂತರವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ನಮ್ಮ ಕಥೆಗೆ ಅದು ದಾರಿ ತೋರಿಸುತ್ತದೆ.

ಜಪಾನಿನವರು 1969ರ ತಮ್ಮ ರಾಷ್ಟ್ರೀಯ ಪಟ್ಟಿಯಲ್ಲಿ 92ರ ಜಾಗಕ್ಕೆ ತಮ್ಮ ಯೆನ್ ನಾಣ್ಯದ ಗುರುತನ್ನು ಹಾಕಿಕೊಂಡಿದ್ದರು. ಹಾಗಾಗಿ ಅಲ್ಲಿನ ವಿಂಡೋಸಿನಲ್ಲಿ ಫೋಲ್ಡರುಗಳ ನಡುವೆ ಯೆನ್ ಗುರುತು ಕಾಣುತ್ತದೆ. ಇದು ನೋಡಲು ತಮಾಷೆ ಅಷ್ಟೇ, ಯಂತ್ರಕ್ಕೆ ತೊಂದರೆಯಿಲ್ಲ. ತೊಂದರೆ ಬಂದದ್ದು ಸಾವಿರಾರು ಚಿತ್ರಾಕ್ಷರಗಳನ್ನು ತಲಾ ಎರಡು ಬೈಟುಗಳಲ್ಲಿ ತುಂಬಿದ ಶಿಫ್ಟ್-ಜಿಸ್ ಎಂಬ ಪದ್ಧತಿಯಿಂದ. ಅದರಲ್ಲಿ ಎರಡನೇ ಬೈಟ್ 92 ಆಗುವ ಅಕ್ಷರಗಳು ಹಲವಿವೆ. ಪಟ್ಟಿ ಎಂಬ ಅರ್ಥದ ‘ಹ್ಯೋ’ ಅಂಥದ್ದು, ಅದು 149 ಮತ್ತು 92. ಕಟಕಾನ ಲಿಪಿಯ ‘ಸೊ’ ಇನ್ನೊಂದು, 131 ಮತ್ತು 92. ಸಾಫ್ಟ್‌ವೇರ್ ಎಂಬ ಪದವನ್ನು ಜಪಾನಿಯರು ಬರೆಯುವುದು ಈ ‘ಸೊ’ದಿಂದಲೇ. ಇಂಗ್ಲಿಷ್ ಮಾತ್ರ ಗೊತ್ತಿದ್ದ ಪ್ರೋಗ್ರಾಂ, ತನ್ನ ಡಿಎಲ್‌ಎಲ್ ಇರುವ ಫೋಲ್ಡರನ್ನು ಹುಡುಕಲು ವಿಳಾಸದ ಕೊನೆಯಿಂದ ಹಿಂದಕ್ಕೆ ಬರುತ್ತಾ ಮೊದಲು ಸಿಕ್ಕ 92ನ್ನು ‘\’ ಎಂದು ತಿಳಿದು ಅಲ್ಲಿಗೆ ಕತ್ತರಿಸುತ್ತಿತ್ತು. ಅಕ್ಷರ ನಡುವೆ ಸೀಳಿ, ಅರ್ಧ ವಿಳಾಸದ ಕಡೆ ಹೋಗಿ, ಏನೂ ಸಿಗದೆ ನಿಲ್ಲುತ್ತಿತ್ತು. ಅಲ್ಲಿನ ಪ್ರೋಗ್ರಾಮರುಗಳು ಇಂಥ ಅಕ್ಷರಗಳನ್ನು ‘ಕೆಟ್ಟ ಅಕ್ಷರ’ಗಳೆಂದೇ ಕರೆದರು. ಅಕ್ಷರದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಎರಡು ಪಟ್ಟಿಗಳನ್ನು ಮಾಡಿದವರು ಒಬ್ಬರಿಗೊಬ್ಬರು ಮಾತಾಡಿರಲಿಲ್ಲ, ಅಷ್ಟೇ.

ಈ ರೋಗಕ್ಕೆ ಮದ್ದು 1992ರಲ್ಲಿ ಸಿಕ್ಕಿತು. ಅದರ ಕಥೆ ನಮ್ಮಲ್ಲಿ ಸರಿಯಾಗಿ ಹೇಳಿಲ್ಲ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಯೂನಿಕೋಡಿನ ಮೊದಲ ಆವೃತ್ತಿ 1991ರ ಅಕ್ಟೋಬರಿನಲ್ಲಿ ಬಂತು. ಕನ್ನಡಕ್ಕೆ ಅದರಲ್ಲಿ 3200ರಿಂದ 3327ರವರೆಗಿನ 128 ಮನೆಗಳು ಸಿಕ್ಕಿದವು. ಭಾರತ ಸರ್ಕಾರ 1988ರಲ್ಲಿ ಮಾಡಿದ್ದ ಇಸ್ಕಿ ಪಟ್ಟಿಯ ಕ್ರಮವನ್ನೇ ಇಟ್ಟುಕೊಂಡು ಹಂಚಿದ ಮನೆಗಳು ಅವು. ಆದರೆ ಈ ದೊಡ್ಡ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವುದು ಹೇಗೆ? ಆಗ ಪ್ರಸ್ತಾಪದಲ್ಲಿದ್ದ ಯುಟಿಎಫ್-1 ಎಂಬ ಪದ್ಧತಿಯಲ್ಲಿ ಒಂದು ಅಕ್ಷರದ ಹಿಂದಿನ ಬೈಟುಗಳಲ್ಲಿ 47 ಬರಬಹುದಿತ್ತು. ಅಂದರೆ ಜಪಾನಿನ ಕಥೆಯೇ ಯುನಿಕ್ಸಿನಲ್ಲೂ ಮರುಕಳಿಸುತ್ತಿತ್ತು, ಈ ಸಲ ಜಗತ್ತಿನ ಎಲ್ಲ ಲಿಪಿಗಳಿಗೂ ಸೇರಿ. ಅದನ್ನು ತಪ್ಪಿಸಲು ಎಕ್ಸ್/ಓಪನ್ ಎಂಬ ಕೂಟ ಬೇರೊಂದು ಪದ್ಧತಿಯನ್ನು ಮುಂದಿಟ್ಟಿತು. ಅದರ ಹೆಸರಿನ ಮೊದಲ ಭಾಗವೇ ‘ಫೈಲ್ ಸಿಸ್ಟಮ್ ಸೇಫ್’ ಎಂದಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ಬೆಲ್ ಲ್ಯಾಬ್ಸಿನ ಕೆನ್ ಥಾಂಪ್ಸನ್, ರಾಬ್ ಪೈಕ್ ಇಬ್ಬರೂ ನ್ಯೂಜೆರ್ಸಿಯ ಒಂದು ಸಾಧಾರಣ ಹೋಟೆಲಿನಲ್ಲಿ ರಾತ್ರಿ ಊಟಕ್ಕೆ ಕೂತಿದ್ದಾಗ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಥಾಂಪ್ಸನ್ ಆ ಪದ್ಧತಿಯನ್ನು ತಿದ್ದಿ ಬರೆದರು. ಇವತ್ತಿನ ಯುಟಿಎಫ್-8 ಅದೇ. ಈ ಲೇಖನ ನಿಮ್ಮ ಪರದೆಗೆ ಬಂದಿರುವುದೂ ಅದರಲ್ಲೇ ಇರಬೇಕು.

ಯುಟಿಎಫ್-8ರ ಗುಟ್ಟು ಸರಳ. ಆಸ್ಕಿಯಲ್ಲಿಲ್ಲದ ಯಾವ ಅಕ್ಷರ ಬರೆದರೂ ಅದರ ಎಲ್ಲ ಬೈಟುಗಳೂ 128 ಅಥವಾ ಅದಕ್ಕಿಂತ ಮೇಲೆಯೇ ಇರುತ್ತವೆ. ‘ಕ’ ಅಂದರೆ 224, 178, 149. ಅದರಲ್ಲಿ 47 ಎಂದೂ ಬರುವುದಿಲ್ಲ, 92 ಎಂದೂ ಬರುವುದಿಲ್ಲ, ಸೊನ್ನೆಯೂ ಇಲ್ಲ. ಹಾಗಾಗಿ ಯುನಿಕ್ಸಿನ ಹಳೆಯ ಕರ್ನಲ್‌ನಲ್ಲಿ ಒಂದು ಸಾಲೂ ಬದಲಾಯಿಸದೆ ಕನ್ನಡದ ಫೋಲ್ಡರಿನಿಂದ ಲೈಬ್ರರಿ ತರಬಹುದು. ಕನ್ನಡ ಗೊತ್ತಿದ್ದು ತರುತ್ತದೆ ಎಂದಲ್ಲ. ಗೊತ್ತಿಲ್ಲದೆಯೇ ತರುತ್ತದೆ, ಬೈಟು ಬೈಟು ಹೊಂದಿಸಿ. ಪ್ರತಿ ಚಿಹ್ನೆಗೂ ಮೂರು ಬೈಟ್ ತೆರಬೇಕಾಗುವುದರಿಂದ ಲಿನಕ್ಸಿನ 255 ಬೈಟುಗಳ ಮಿತಿಯಲ್ಲಿ ನಮಗೆ ಸಿಗುವುದು 85 ಚಿಹ್ನೆ. ‘ಕನ್ನಡ’ ಎಂದು ಬರೆದರೇ ಐದು ಚಿಹ್ನೆ ಖರ್ಚು. ಅಷ್ಟು ಬಾಡಿಗೆ ಕೊಟ್ಟು ಇರಬಹುದಾದ ಮನೆಯೇ.

ವಿಂಡೋಸಿಗೆ ಈ ಕಾಗದ ತಡವಾಗಿ ತಲುಪಿತು. 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯ ಕೆಲಸ ಎಷ್ಟೋ ವರ್ಷ ಮೊದಲೇ ಶುರುವಾಗಿತ್ತು. ಅದರವರು ಪ್ರತಿ ಅಕ್ಷರಕ್ಕೂ 16 ಬಿಟ್ ಎಂಬ ಯೂನಿಕೋಡಿನ ಮೊದಲ ಯೋಜನೆಯನ್ನು ಹಿಡಿದುಕೊಂಡಿದ್ದರು. ಹಳೆಯ ಪ್ರೋಗ್ರಾಮುಗಳೂ ಓಡಬೇಕಲ್ಲ, ಅದಕ್ಕೆ ಅಕ್ಷರಗಳನ್ನು ಮುಟ್ಟುವ ಹೆಚ್ಚುಪಾಲು ಸೇವೆಗಳಿಗೆ ಎರಡೆರಡು ಬಾಗಿಲು ಇಟ್ಟರು. ಲೈಬ್ರರಿ ತರುವ ಸೇವೆಯ ಹೆಸರು ಲೋಡ್‌ಲೈಬ್ರರಿ. ಅದಕ್ಕೆ ‘ಡಬ್ಲ್ಯೂ’ ಎಂದು ಕೊನೆಯಾಗುವ ಅಗಲದ ಬಾಗಿಲು ಯೂನಿಕೋಡಿನವರಿಗೆ, ‘ಎ’ ಎಂದು ಕೊನೆಯಾಗುವ ಕಿರುಬಾಗಿಲು ಹಳಬರಿಗೆ. ಕಿರುಬಾಗಿಲಿನಲ್ಲಿ ಬಂದ ವಿಳಾಸವನ್ನು ಆ ಯಂತ್ರಕ್ಕೆ ಗೊತ್ತುಮಾಡಿದ ಒಂದು ಕೋಡ್ ಪೇಜ್ ಮೂಲಕ ತರ್ಜುಮೆ ಮಾಡಿ ಒಳಗೆ ಕಳಿಸುತ್ತಾರೆ. ಪಶ್ಚಿಮ ಯೂರೋಪಿನ ಕೋಡ್ ಪೇಜ್ 1252, ರಷ್ಯನ್ 1251, ಥಾಯ್ 874, ಜಪಾನಿ 932.

ಹಾಗಾದರೆ ಎಲ್ಲರೂ ಅಗಲದ ಬಾಗಿಲಲ್ಲೇ ಬರಬಹುದಿತ್ತಲ್ಲ? ಬರಲಿಲ್ಲ. 1995ರಲ್ಲಿ ಮನೆಮನೆಗೆ ಹೋದದ್ದು ಎನ್‌ಟಿ ಅಲ್ಲ, ವಿಂಡೋಸ್ 95. ಅದರಲ್ಲಿ ಅಗಲದ ಬಾಗಿಲುಗಳು ಬಹುಪಾಲು ಗೋಡೆಯ ಮೇಲೆ ಬರೆದ ಚಿತ್ರಗಳಾಗಿದ್ದವು, ತಟ್ಟಿದರೆ ತೆರೆಯುತ್ತಿರಲಿಲ್ಲ. ಎರಡೂ ಕಡೆ ಓಡುವ ಸಾಫ್ಟ್‌ವೇರ್ ಮಾರಬೇಕಾದವರು ‘ಎ’ ಬಾಗಿಲನ್ನೇ ರೂಢಿಮಾಡಿಕೊಂಡರು. ಆ ಸಂತತಿಯ ವಿಂಡೋಸಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2006ರಲ್ಲಿ. ಹತ್ತು ಹನ್ನೊಂದು ವರ್ಷ ಬರೆದ ಕೋಡು, ಅದನ್ನು ನೋಡಿ ಕಲಿತವರು ಬರೆದ ಕೋಡು, ಅದರ ಮೇಲೆ ಕಟ್ಟಿದ ಲೈಬ್ರರಿಗಳು ಇವತ್ತಿಗೂ ನಮ್ಮ ಯಂತ್ರಗಳಲ್ಲಿವೆ.

ಈಗ ನಮ್ಮ ಬಾಬತ್ತು. ಕನ್ನಡಕ್ಕೆ ವಿಂಡೋಸಿನಲ್ಲಿ ಬೆಂಬಲ ಬಂದದ್ದು 2001ರ ಎಕ್ಸ್‌ಪಿಯಿಂದ, ತುಂಗಾ ಫಾಂಟಿನ ಜೊತೆ. ಹಿಂದಿ, ಮರಾಠಿ, ತಮಿಳು ಅದಕ್ಕೂ ಸ್ವಲ್ಪ ಮೊದಲು ವಿಂಡೋಸ್ 2000ದಲ್ಲಿ ಬಂದಿದ್ದವು. ಈ ಎಲ್ಲ ಭಾಷೆಗಳನ್ನೂ ಮೈಕ್ರೋಸಾಫ್ಟ್ ‘ಯೂನಿಕೋಡ್ ಮಾತ್ರ’ ಎಂಬ ಗುಂಪಿಗೆ ಹಾಕಿತು. ಅಂದರೆ ಕಿರುಬಾಗಿಲಿಗೆ ಬೇಕಾದ ಕೋಡ್ ಪೇಜನ್ನು ಇವುಗಳಿಗೆ ಕೊಡಲಿಲ್ಲ. ಇಸ್ಕಿ ಕನ್ನಡಕ್ಕೆ 57008 ಎಂಬ ನಂಬರೇನೋ ಇದೆ, ಆದರೆ ಅದು ಹಳೆಯ ಪಠ್ಯವನ್ನು ಪರಿವರ್ತಿಸಲು ಮಾತ್ರ, ಯಂತ್ರದ ಕೋಡ್ ಪೇಜ್ ಆಗಿ ಆರಿಸಿಕೊಳ್ಳಲು ಬರುವುದಿಲ್ಲ.

ಇದರ ಪರಿಣಾಮವನ್ನು ಒಂದು ಹೋಲಿಕೆಯಲ್ಲಿ ಹೇಳಬಹುದು. ರಷ್ಯನ್ ಹೆಸರಿನ ಫೋಲ್ಡರ್ ಮಾಸ್ಕೋದ ಯಂತ್ರದಲ್ಲಿ ಸರಿಯಾಗಿ ನಡೆದು, ಪುಣೆಗೆ ತಂದರೆ ಕೈಕೊಡುತ್ತದೆ. ಕನ್ನಡದ ಹೆಸರಿನ ಫೋಲ್ಡರ್ ಧಾರವಾಡದ ಯಂತ್ರದಲ್ಲೇ ಕೈಕೊಡುತ್ತದೆ.

ಕೈಕೊಡುವ ರೀತಿ ಹೀಗೆ. ‘ಕನ್ನಡ’ ಎಂಬ ಫೋಲ್ಡರಿನಲ್ಲಿರುವ ಪ್ರೋಗ್ರಾಂ, ನಾನು ಎಲ್ಲಿದ್ದೇನೆ ಎಂದು ಕಿರುಬಾಗಿಲಿನಲ್ಲಿ ಕೇಳುತ್ತದೆ. ವಿಂಡೋಸ್ ಉತ್ತರವನ್ನು 1252ಕ್ಕೆ ತರ್ಜುಮೆ ಮಾಡಲು ಹೋಗಿ, ಗೊತ್ತಿಲ್ಲದ ಪ್ರತಿ ಚಿಹ್ನೆಗೂ ಒಂದು ಪ್ರಶ್ನೆ ಗುರುತು ಹಾಕುತ್ತದೆ. ‘ಕನ್ನಡ’ ‘?????’ ಆಗುತ್ತದೆ. ಪ್ರೋಗ್ರಾಂ ಅದೇ ವಿಳಾಸದ ಕೊನೆಗೆ ಡಿಎಲ್‌ಎಲ್ ಹೆಸರು ಸೇರಿಸಿ, ತಂದುಕೊಡು ಎಂದು ಮತ್ತೆ ಅದೇ ಬಾಗಿಲಿಗೆ ಬರುತ್ತದೆ. ಡಾಸ್ ಕಾಲದಿಂದಲೂ ‘?’ ಅಂದರೆ ಯಾವುದಾದರೂ ಒಂದು ಅಕ್ಷರ ಎಂಬ ಹುಡುಕಾಟದ ಗುರುತು. ಹಾಗಾಗಿ ವಿಂಡೋಸಿನಲ್ಲಿ ಯಾವ ಹೆಸರಿನಲ್ಲೂ ಅದು ಇರುವಂತಿಲ್ಲ. ತಾನೇ ಕೊಟ್ಟ ವಿಳಾಸವನ್ನು, ಇಂಥ ವಿಳಾಸ ಇರಲು ಸಾಧ್ಯವೇ ಇಲ್ಲ ಎಂದು ಯಂತ್ರ ತಿರಸ್ಕರಿಸುತ್ತದೆ. ಪರದೆಯ ಮೇಲೆ ಸಾಮಾನ್ಯವಾಗಿ ಕಾಣುವುದು 126 ಎಂಬ ತಪ್ಪಿನ ಸಂಖ್ಯೆ, ಹೇಳಿದ ಮಾಡ್ಯೂಲ್ ಸಿಗಲಿಲ್ಲ ಎಂಬ ಸಂದೇಶ. ಡಿಎಲ್‌ಎಲ್ ಕಣ್ಣೆದುರೇ ಇರುತ್ತದೆ.

ಕೋಡ್ ಪೇಜ್ ಕೊಡದಿದ್ದದ್ದು ಅನ್ಯಾಯವೇ? ನಾನು ಇದನ್ನು ಎರಡೂ ಕಡೆಯಿಂದ ನೋಡಿದ್ದೇನೆ. ಕೊಟ್ಟಿದ್ದರೆ ನಾವೂ ಜಪಾನಿನವರಂತೆ ಹಳೆಯ ಪದ್ಧತಿಗೆ ಗಂಟುಬಿದ್ದು, ಎರಡು ರೀತಿಯ ಕನ್ನಡ ಫೈಲುಗಳ ನಡುವೆ ಒದ್ದಾಡುತ್ತಿದ್ದೆವು. ನೇರವಾಗಿ ಯೂನಿಕೋಡಿಗೆ ಹೋದದ್ದು ತಾಂತ್ರಿಕವಾಗಿ ಸರಿ. ಆದರೆ ಆ ಸರಿಯಾದ ತೀರ್ಮಾನದ ಬೆಲೆಯನ್ನು ಮೈಕ್ರೋಸಾಫ್ಟಾಗಲಿ ಸಾಫ್ಟ್‌ವೇರ್ ಮಾರಿದವರಾಗಲಿ ಕೊಡಲಿಲ್ಲ. ತನ್ನ ಹೆಸರನ್ನು ತನ್ನ ಲಿಪಿಯಲ್ಲಿ ಬರೆದವನು ಕೊಟ್ಟ. ಪ್ಯಾರಿಸ್ಸಿನ ಗ್ರಾಹಕನ ಫೋಲ್ಡರ್ ನಡೆಯದಿದ್ದರೆ ದೂರು ಹೋಗುತ್ತಿತ್ತು, ತಿದ್ದುಪಡಿ ಬರುತ್ತಿತ್ತು. ನಮ್ಮಿಂದ ದೂರು ಹೋಗಲಿಲ್ಲ, ಏಕೆಂದರೆ ನಾವು ಆ ಹೊತ್ತಿಗೆ ಕನ್ನಡದಲ್ಲಿ ಹೆಸರಿಡುವ ಆಸೆಯನ್ನೇ ಬಿಟ್ಟಿದ್ದೆವು. ಅದಕ್ಕೂ ಕಾರಣವಿದೆ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬರೆದ ಕನ್ನಡ ನಿಜವಾಗಿ ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ದು. ಪುಟದ ಮೇಲೆ ಚೆನ್ನಾಗಿ ಕಾಣುತ್ತಿತ್ತು. ಅದನ್ನೇ ಫೋಲ್ಡರಿನ ಹೆಸರಾಗಿ ಹಾಕಿದರೆ ಅಲ್ಲಿ ಆ ಫಾಂಟ್ ಇರದೆ ಗೋಜಲು ಅಕ್ಷರಗಳು ಕಾಣುತ್ತಿದ್ದವು. ಡಿಟಿಪಿ ಅಂಗಡಿಗಳಲ್ಲಿ ಒಳಗೆ ಪೂರ್ತಿ ಕನ್ನಡ ತುಂಬಿದ್ದ ಫೈಲುಗಳ ಹೆಸರು ಇಂಗ್ಲಿಷಿನಲ್ಲಿ ಇರುತ್ತಿದ್ದದ್ದು ಹೀಗೆ. ಯೂನಿಕೋಡ್ ಬಂದ ಮೇಲೆ ಕಾರಣ ಹೋಯಿತು, ಅಭ್ಯಾಸ ಉಳಿಯಿತು.

ಪುಣೆಯ ಒಂದು ಸಣ್ಣ ಕಚೇರಿಯಲ್ಲಿ ನಮ್ಮ ತಂಡ ಕೂರಿಸಿದ್ದ ವರದಿ ತಯಾರಿಸುವ ಪ್ರೋಗ್ರಾಂ ಒಂದೇ ಒಂದು ಯಂತ್ರದಲ್ಲಿ ಏಳಲಿಲ್ಲ. ಅಲ್ಲಿ ಬಳಕೆದಾರರ ಖಾತೆಯನ್ನು ದೇವನಾಗರಿಯಲ್ಲಿ ‘ಕಾರ್ಯಾಲಯ’ ಎಂದು ತೆರೆದಿದ್ದರು. ವಿಂಡೋಸ್ ಖಾತೆಯ ಹೆಸರಿನಲ್ಲೇ ಮನೆಯ ಫೋಲ್ಡರ್ ಮಾಡುತ್ತದೆ. ಖಾತೆಯ ಹೆಸರನ್ನು ಆಮೇಲೆ ಬದಲಿಸಿದರೂ ಫೋಲ್ಡರಿನ ಹೆಸರು ಬದಲಾಗುವುದಿಲ್ಲ. ತಾತ್ಕಾಲಿಕ ಫೈಲುಗಳು ಬೀಳುವುದೂ ಅದರೊಳಗೇ. ನಮ್ಮ ಪ್ರೋಗ್ರಾಂ ಬಳಸುತ್ತಿದ್ದ ಹೊರಗಿನ ಒಂದು ಘಟಕ, ತನ್ನ ಡಿಎಲ್‌ಎಲ್‌ಗಳನ್ನು ಆ ತಾತ್ಕಾಲಿಕ ಜಾಗದಲ್ಲಿ ಬಿಚ್ಚಿಟ್ಟು ಅಲ್ಲಿಂದ ತಂದುಕೊಳ್ಳುತ್ತಿತ್ತು. ಆ ಘಟಕದ ಸಹಾಯವಾಣಿಯವರ ಉತ್ತರ ಒಂದೇ ಸಾಲು: ಇಂಗ್ಲಿಷ್ ಹೆಸರಿನಲ್ಲಿ ಹೊಸ ಖಾತೆ ತೆರೆಯಿರಿ. ಆ ಯಂತ್ರದ ಮುಂದೆ ಕೂರುತ್ತಿದ್ದ ಹಿರಿಯ ಮಹಿಳೆ ನನಗೆ ಮರಾಠಿಯಲ್ಲಿ ಹೇಳಿದ್ದು, “ನಂದೇ ತಪ್ಪು ಸರ್, ಮಷಿನ್ನಿಗೆ ಮರಾಠಿ ಬರಲ್ಲ ಅಂತ ನನಗೆ ಹೊಳೀಲಿಲ್ಲ.” ಬೆಳಗಿನಿಂದ ಸಂಜೆವರೆಗೆ ಅದೇ ಮಷಿನ್ನಿನಲ್ಲಿ ಅವರು ಮರಾಠಿ ಪತ್ರಗಳನ್ನು ಬೆರಳಚ್ಚು ಮಾಡುತ್ತಿದ್ದರು.

ಇನ್ನು ಖಾಲಿ ಜಾಗದ ಕಥೆ. ಇದು ಲಿಪಿಯದ್ದಲ್ಲ, ಇಂಗ್ಲಿಷಿನವರೂ ಪೆಟ್ಟು ತಿಂದ ಕಥೆ. ವಿಂಡೋಸ್ 95 ಉದ್ದ ಹೆಸರುಗಳನ್ನು ತಂದು, ಪ್ರೋಗ್ರಾಮುಗಳೆಲ್ಲ ‘ಪ್ರೋಗ್ರಾಮ್ ಫೈಲ್ಸ್’ ಎಂಬ ಫೋಲ್ಡರಿನಲ್ಲಿ ಇರಬೇಕೆಂದಿತು. ಹೆಸರಿನ ನಡುವೆಯೇ ಖಾಲಿ ಜಾಗ. ಲೈಬ್ರರಿ ತರುವ ಸೇವೆಗೆ ಅದರಿಂದ ತೊಂದರೆಯಿಲ್ಲ, ಅದು ವಿಳಾಸವನ್ನು ಇಡಿಯಾಗಿ ತೆಗೆದುಕೊಳ್ಳುತ್ತದೆ. ತೊಂದರೆ ಆಗುವುದು ಹಲವು ಮಾತುಗಳನ್ನು ಒಂದೇ ಸಾಲಿನಲ್ಲಿ ಬರೆದು, ಖಾಲಿ ಜಾಗ ನೋಡಿ ಬಿಡಿಸುವ ಕಡೆಗಳಲ್ಲಿ. ಉದ್ಧರಣ ಚಿಹ್ನೆ ಹಾಕದೆ ಬಿಟ್ಟರೆ ವಿಂಡೋಸ್ ಮೊದಲು ಸಿ ಡ್ರೈವಿನಲ್ಲಿ ‘ಪ್ರೋಗ್ರಾಮ್’ ಎಂಬ ಹೆಸರಿನದೇ ಏನಾದರೂ ಇದೆಯೇ ಎಂದು ನೋಡುತ್ತದೆ. ಯಾರಾದರೂ ಕಳ್ಳರು ಅಲ್ಲಿ ಅದೇ ಹೆಸರಿನ ಪ್ರೋಗ್ರಾಂ ಇಟ್ಟಿದ್ದರೆ ಅದು ಓಡುತ್ತದೆ. ಭದ್ರತೆ ಪರೀಕ್ಷಿಸುವವರ ಪಟ್ಟಿಯಲ್ಲಿ ಇವತ್ತಿಗೂ ಇರುವ ದೋಷ ಇದು.

ಲಿನಕ್ಸ್ ಪ್ರೇಮಿಗಳು ಇಲ್ಲಿ ನಗುವ ಹಾಗಿಲ್ಲ. ಎಲ್ಲಕ್ಕಿಂತ ಮೊದಲು ಈ ಲೈಬ್ರರಿ ತಾ ಎಂದು ಹೇಳುವ ‘ಎಲ್‌ಡಿ ಪ್ರೀಲೋಡ್’ ಎಂಬ ಪಟ್ಟಿ ಅಲ್ಲಿದೆ. ಅದರಲ್ಲಿ ಹೆಸರುಗಳ ನಡುವೆ ಖಾಲಿ ಜಾಗ ಅಥವಾ ‘:’ ಹಾಕುತ್ತಾರೆ. ಹೆಸರಿನೊಳಗೇ ಖಾಲಿ ಜಾಗವಿದ್ದರೆ ಅದನ್ನು ತಪ್ಪಿಸಿ ಬರೆಯಲು ಯಾವ ಉಪಾಯವೂ ಇಲ್ಲ, ಹಾಗೆಂದು ಅದರ ಕೈಪಿಡಿಯೇ ಒಪ್ಪಿಕೊಳ್ಳುತ್ತದೆ. ಲೈಬ್ರರಿಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಇನ್ನೊಂದು ಪಟ್ಟಿಯಲ್ಲಿ ‘:’ ಮತ್ತು ‘;’ ಬಾರದು, ಅಲ್ಲೂ ಉಪಾಯವಿಲ್ಲ. ‘$’ ಗುರುತು ಕೂಡ ಜೋಪಾನ, ಕಾರ್ಯಕ್ರಮವೇ ಇರುವ ಜಾಗವನ್ನು ಸೂಚಿಸುವ ‘ಆರಿಜಿನ್’ ಎಂಬ ಸಂಕೇತ ಅದರಿಂದಲೇ ಶುರುವಾಗುತ್ತದೆ. ಕರ್ನಲ್ ಎರಡೇ ಬೈಟುಗಳನ್ನು ನಿಷೇಧಿಸಿ ಉಳಿದದ್ದನ್ನೆಲ್ಲ ಬಿಟ್ಟುಕೊಟ್ಟಿತ್ತು. ಮೇಲೆ ಕೂತ ಉಪಕರಣಗಳು ಒಂದೊಂದಾಗಿ ವಾಪಸ್ ಕಸಿದುಕೊಂಡವು. ಆದರೆ ಗಮನಿಸಿ, ಈ ಕಸಿದುಕೊಂಡ ಪಟ್ಟಿಯಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ. ಲಿನಕ್ಸಿನಲ್ಲಿ ‘ನನ್ನ ಕೆಲಸ’ ಎಂಬ ಫೋಲ್ಡರ್ ತೊಂದರೆ ಕೊಟ್ಟರೆ ತಪ್ಪು ಕನ್ನಡದ್ದಲ್ಲ, ನಡುವಿನ ಖಾಲಿ ಜಾಗದ್ದು. ಜಾವಾದವರಿಗೆ ಇನ್ನೊಂದು ಬಗೆಯ ಪೆಟ್ಟು. ಅಲ್ಲಿ ಫೈಲಿನ ವಿಳಾಸವನ್ನು ಜಾಲದ ವಿಳಾಸದ ರೂಪದಲ್ಲಿ ಪಡೆದರೆ ಖಾಲಿ ಜಾಗ ‘%20’ ಆಗಿಬಿಟ್ಟಿರುತ್ತದೆ. ಅದನ್ನು ಹಿಂದಕ್ಕೆ ಬಿಡಿಸದೆ ಲೈಬ್ರರಿ ತರಲು ಹೋದರೆ ಅಂಥ ಫೋಲ್ಡರ್ ಎಲ್ಲಿದೆ?

ನಮಗೆ ನಿಜವಾಗಿ ವಿಶೇಷವಾದ ತೊಡಕೊಂದಿದೆ, ಅದನ್ನು ಇಂಗ್ಲಿಷಿನವರು ಎದುರಿಸುವುದೇ ಇಲ್ಲ. ‘ಕೋಲಾರ’ ಎಂದು ಬರೆಯಿರಿ. ‘ಕೋ’ದ ಓತ್ವ ಯೂನಿಕೋಡಿನಲ್ಲಿ ಒಂದೇ ಚಿಹ್ನೆ. ಆದರೆ ಅದನ್ನು ಎತ್ವ, ಊತ್ವ, ದೀರ್ಘ ಎಂದು ಮೂರಾಗಿ ಬಿಡಿಸಿ ಬರೆದರೂ ಅದೇ ಅಕ್ಷರವೆಂದು ಯೂನಿಕೋಡ್ ಒಪ್ಪುತ್ತದೆ. ಕಣ್ಣಿಗೆ ವ್ಯತ್ಯಾಸವಿಲ್ಲ. ಮೊದಲನೆಯದು 15 ಬೈಟ್, ಎರಡನೆಯದು 21. ಆಪಲ್ 1998ರಲ್ಲಿ ತಂದ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲ್ ಸಿಸ್ಟಮ್ ಎಲ್ಲ ಹೆಸರುಗಳನ್ನೂ ಬಿಡಿಸಿದ ರೂಪದಲ್ಲೇ ಇಟ್ಟುಕೊಳ್ಳುತ್ತಿತ್ತು. ಮ್ಯಾಕ್‌ನಿಂದ ಲಿನಕ್ಸ್ ಸರ್ವರಿಗೆ ಆ ಫೋಲ್ಡರನ್ನು ಹಾಗೆಯೇ ನಕಲಿಸಿ, ಅಲ್ಲಿ ಕೀಲಿಮಣೆಯಿಂದ ‘ಕೋಲಾರ’ ಎಂದು ಒತ್ತಿ ಹುಡುಕಿದರೆ ಸಿಗುವುದಿಲ್ಲ. ಬೈಟು ಬೈಟು ಹೊಂದಿಸುವ ಲಿನಕ್ಸಿಗೆ ಅವು ಎರಡು ಬೇರೆ ಊರುಗಳು. ಎರಡೂ ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಇರಬಹುದು.

ಇನ್ನೊಂದು, ಕಣ್ಣಿಗೆ ಕಾಣದ ಜೋಡಣೆ ತಡೆಯುವ ಚಿಹ್ನೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ವ’ ಒತ್ತಾಗಿ ಕೆಳಗೆ ಇಳಿಯದಂತೆ ನಡುವೆ ಹಾಕುತ್ತೇವಲ್ಲ, ಅದು. ಅಲ್ಲಿ ಅದರ ಕೆಲಸ ಕಾಣುತ್ತದೆ. ಆದರೆ ಕೆಲವು ಬರವಣಿಗೆ ಉಪಕರಣಗಳು ‘ಆಫೀಸ್’ನಂಥ ಪದದ ಕೊನೆಗೂ ಅದನ್ನು ಸುಮ್ಮನೆ ಅಂಟಿಸಿಬಿಡುತ್ತವೆ. ಆಗ ಒಂದೇ ತರಹ ಕಾಣುವ ಎರಡು ‘ಆಫೀಸ್’. ಈ ಚಿಹ್ನೆಗೆ ಭದ್ರತೆಯ ಚರಿತ್ರೆಯಲ್ಲೂ ಒಂದು ಪುಟ ಸಿಕ್ಕಿದೆ. ಹೆಸರುಗಳನ್ನು ಹೋಲಿಸುವಾಗ ಎಚ್‌ಎಫ್‌ಎಸ್ ಪ್ಲಸ್ ಅದನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಗಿಟ್ ಲೆಕ್ಕಕ್ಕಿಡುತ್ತಿತ್ತು. ಗಿಟ್ ತನ್ನ ಗುಟ್ಟಿನ ಸಂಗತಿಗಳನ್ನು ಇಡುವ ಫೋಲ್ಡರಿನ ಹೆಸರಿನ ನಡುವೆ ಈ ಚಿಹ್ನೆ ಸೇರಿಸಿ ಕಳಿಸಿದರೆ, ಬೇರೆ ಹೆಸರೆಂದು ಗಿಟ್ ಒಳಗೆ ಬಿಡುತ್ತಿತ್ತು, ಅದೇ ಹೆಸರೆಂದು ಮ್ಯಾಕ್ ಅದರ ಮೇಲೆ ಬರೆಯುತ್ತಿತ್ತು. 2014ರ ಡಿಸೆಂಬರಿನಲ್ಲಿ ಇದು ಬಯಲಾಗಿ ತಿದ್ದುಪಡಿ ಬಂತು. ತಿದ್ದಿದವರು ಚಿಹ್ನೆಯನ್ನೇ ನಿಷೇಧಿಸಲಿಲ್ಲ, ಆ ಒಂದು ಹೆಸರಿನ ವೇಷಾಂತರಗಳನ್ನು ಮಾತ್ರ ತಡೆದರು ಎಂಬುದನ್ನು ನಾನು ಮೆಚ್ಚಿಕೊಳ್ಳುತ್ತೇನೆ. ನಿಷೇಧಿಸುವುದು ಸುಲಭದ ದಾರಿಯಾಗಿತ್ತು. ಹಾಗೆ ಮಾಡಿದ್ದರೆ ಕನ್ನಡದಲ್ಲಿ ‘ಸಾಫ್ಟ್‌ವೇರ್’ ಎಂದು ಫೈಲಿಗೆ ಹೆಸರಿಡಲು ಆಗುತ್ತಿರಲಿಲ್ಲ.

ವಿಂಡೋಸಿನ ಕಿರುಬಾಗಿಲು ಅಗಲವಾದದ್ದು 2019ರ ಮೇ ತಿಂಗಳಲ್ಲಿ, ವಿಂಡೋಸ್ 10ರ 1903 ಎಂಬ ಆವೃತ್ತಿಯಲ್ಲಿ. ಪ್ರೋಗ್ರಾಂ ತನ್ನ ಜೊತೆ ಹೊತ್ತುಕೊಳ್ಳುವ ಮ್ಯಾನಿಫೆಸ್ಟ್ ಎಂಬ ಚೀಟಿಯಲ್ಲಿ, ನನ್ನ ಕೋಡ್ ಪೇಜ್ ಯುಟಿಎಫ್-8 ಎಂದು ಒಂದು ಸಾಲು ಬರೆದರೆ ಆಯಿತು. ಆಮೇಲೆ ಆ ಪ್ರೋಗ್ರಾಂ, ಅದರೊಳಗೆ ಬಂದು ಸೇರಿದ ಹಳೆಯ ಡಿಎಲ್‌ಎಲ್‌ಗಳೂ ಸೇರಿ, ‘ಎ’ ಬಾಗಿಲಿನಲ್ಲೇ ಕನ್ನಡವನ್ನು ಕೊಂಡೊಯ್ಯಬಹುದು. 1992ರ ಊಟದ ಕಾಗದ 27 ವರ್ಷಕ್ಕೆ ಕೊನೆಗೂ ಅಲ್ಲಿಗೆ ತಲುಪಿತು. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಬಳಸುವ ‘ಆರ್’ 2022ರ ಏಪ್ರಿಲಿನಲ್ಲಿ ತನ್ನ 4.2.0 ಆವೃತ್ತಿಯಿಂದ ಇದನ್ನೇ ಹಿಡಿಯಿತು. ಅದಕ್ಕೂ ಹಿಂದಿನ ತಿಂಗಳು ಬಂದ ಜಾವಾ 18 ಫೈಲಿನ ಒಳಗಿನ ಪಠ್ಯಕ್ಕೆ ಯುಟಿಎಫ್-8 ಎಂದು ಸಾರಿತು, ಆದರೆ ಫೈಲಿನ ಹೆಸರಿಗೆ ಬಳಸುವ ಸಂಕೇತವನ್ನು ಮಾತ್ರ ಇದ್ದ ಹಾಗೇ ಬಿಟ್ಟಿತು.

ಪುಣೆಯ ಆ ಕಚೇರಿಯ ಯಂತ್ರಕ್ಕೂ ಈ ಒಂದು ಸಾಲೇ ಸಾಕಾಯಿತು, ‘ಕಾರ್ಯಾಲಯ’ ಖಾತೆ ಹಾಗೆಯೇ ಇದೆ. ಆ ನಂತರ ನಮ್ಮ ತಂಡದ ಪರೀಕ್ಷೆಯ ಪಟ್ಟಿಯಲ್ಲಿ ‘ಕೋಟೆ ಆಫೀಸ್‌ (2)’ ಎಂಬ ಫೋಲ್ಡರ್ ಕಾಯಂ ಆಗಿ ಸೇರಿದೆ. ಬಿಡಿಸಬಹುದಾದ ಓತ್ವ, ನಡುವೆ ಖಾಲಿ ಜಾಗ, ‘ಸ್’ ಆದ ಮೇಲೆ ಕಾಣದ ಚಿಹ್ನೆ, ಕೊನೆಗೆ ಆವರಣ, ಎಲ್ಲವೂ ಅದರಲ್ಲಿವೆ. ತಮಿಳಿನವರೊಬ್ಬರು ತಮ್ಮ ‘ಕೋ’ ಕೂಡ ಎರಡಾಗಿ ಒಡೆಯುತ್ತದೆಂದು ಹೇಳಿ ಅದರ ಪಕ್ಕದಲ್ಲಿ ‘ಕೋವಿಲ್’ ಎಂಬ ಇನ್ನೊಂದನ್ನು ತೆರೆದರು. ಕಳೆದ ಬಿಡುಗಡೆಗೆ ಮೊದಲು ನಮ್ಮ ಪ್ರೋಗ್ರಾಮುಗಳು ಎರಡನ್ನೂ ದಾಟಿದವು. ದಾಟದೆ ಉಳಿದದ್ದು ನಮ್ಮದೇ ಒಂದು ಪ್ಲಗಿನ್. ಅದು ಓಡುವುದು ಬೇರೆಯವರ ಪ್ರೋಗ್ರಾಮಿನೊಳಗೆ. ಆ ಸಾಲನ್ನು ಬರೆಯಬೇಕಾದ ಚೀಟಿ ಅವರದು. ದೂರು ಕಳಿಸಿದ್ದೇವೆ, ದೂರಿನಲ್ಲಿ ಫೋಲ್ಡರಿನ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇವೆ.